ತಗ್ಗಿನಿಂದ ಕಾಣುವ ಬೆಣೆ

ಅಕ್ಟೋಬರ್ ೧೨, ೧೯೫೮

ಅಕ್ಷರ ಚೆನ್ನಾಗಿಲ್ಲ, ತಪ್ಪುಗಳೂ ಬಹಳ ಇರುತ್ತವೆ. ಯಾರ ಕೈಗಾದರೂ ಇದು ಸಿಕ್ಕರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ತೇರಗಾಂವದ ಸಾಲಿಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಕಲಿತಿದ್ದೇನೆ. ಅಲ್ಲದೆ ದಿನವಿಡೀ ಗರಗಸ ಹಿಡಿದ ಕೈ ಸಂಜೆಗೆ ಪೆನ್ಸಿಲ್ ಹಿಡಿದರೆ ಅದನ್ನೂ ಎಳೆಯಲು ನೋಡುತ್ತದೆ. ದೀರ್ಘ ಎಲ್ಲಿ, ಒತ್ತು ಎಲ್ಲಿ ಎಂದು ಯೋಚಿಸುತ್ತ ಕುಳಿತರೆ ಬರೆಯಬೇಕಾದ ಮಾತೇ ಮರೆತುಹೋಗುತ್ತದೆ.

ಬರೆಯಲು ಹೇಳಿದವಳು ನೀಲಕ್ಕ, ನನ್ನ ಅಕ್ಕ. ಅವಳ ಗಂಡ ಇಲ್ಲಿ ಕಟ್ಟಡಗಳ ಗೋಡೆಗೆ ಗಾರೆ ಬಳಿಯುವ ಗಿಲಾವು ಕೆಲಸ ಮಾಡುತ್ತಾನೆ. ಅವರ ಗುಡಿಸಲಿನಲ್ಲೇ ನಾನೂ ಇರುವುದು. "ಬಾಯಿ ಬಿಟ್ಟು ಒಂದು ಮಾತ ಹೇಳವಲ್ಲಿ. ಎಲ್ಲಾ ಒಳಗ ಇಟ್ಕೊಂಡು ಹುಳಿ ಬರಸ್ಬ್ಯಾಡ. ಹಾಳಿ ಮ್ಯಾಲಾರ ಬರಿ" ಎಂದಳು. ಅವಳಿಗೆ ಓದಲು ಬರುವುದಿಲ್ಲ. ಹಾಗಾಗಿ ಧೈರ್ಯವಾಗಿ ಬರೆಯಬಹುದು.

ಇಲ್ಲಿ ಬಂಗೂರನಗರದಲ್ಲಿ ಕಾರಖಾನೆಯ ಕೆಲಸಗಾರರ ಮನೆಗಳು ಏಳುತ್ತಿವೆ. ಅವುಗಳ ಬಾಗಿಲು ಕಿಟಕಿಗಳಿಗೆ ಬೇಕಾದ ಮರವನ್ನು ನಾವು ಹೊಳೆಯ ಕಡೆಯ ಬಯಲಿನಲ್ಲಿ ಕೊಯ್ಯುತ್ತೇವೆ. ಆಳುದ್ದ ತಗ್ಗು ತೋಡಿ, ಮೇಲೆ ಎರಡು ಅಡ್ಡ ತೊಲೆ ಹಾಕಿ, ತೊಲೆಗಳ ಮೇಲೆ ದಿಮ್ಮಿ ಮಲಗಿಸಿ, ಅದು ಉರುಳದಂತೆ ಬೆಣೆ ಬಡಿಯುತ್ತಾರೆ. ಒಬ್ಬ ದಿಮ್ಮಿಯ ಮೇಲೆ ನಿಂತು ಗರಗಸದ ಮೇಲಿನ ಹಿಡಿ ಹಿಡಿಯುತ್ತಾನೆ. ಕೆಮ್ಮಣ್ಣಿನ ದಾರದಿಂದ ಹೊಡೆದ ಗೆರೆ ಬಿಟ್ಟು ಹಲ್ಲು ಆಚೀಚೆ ಹೋಗದಂತೆ ನೋಡುವುದು ಅವನ ಜವಾಬ್ದಾರಿ. ಅವನಿಗೆ ಮೇಸ್ತ್ರಿ ಎನ್ನುತ್ತಾರೆ. ಇನ್ನೊಬ್ಬ ತಗ್ಗಿನಲ್ಲಿ ನಿಂತು ಕೆಳಗಿನ ಹಿಡಿ ಎಳೆಯುತ್ತಾನೆ. ಮರ ಕೊಯ್ಯುವುದು ಗರಗಸ ಕೆಳಗೆ ಬರುವಾಗ. ಅದು ಮೇಲೆ ಹೋಗುವಾಗ ಕೆಳಗಿನವನು ಕೈ ಹಗುರ ಬಿಡಬೇಕು. ಕೆಳಗಿನವನು ನಾನು. ಮರದ ಹೊಟ್ಟು ಪೂರಾ ನನ್ನ ಮೇಲೆ ಬೀಳುತ್ತದೆ.

ನನ್ನ ಮೇಸ್ತ್ರಿ ಮಲಕಪ್ಪ, ಬೆಳಗಾವಿ ಕಡೆಯವನು. ನನ್ನ ತಂದೆಯ ವಯಸ್ಸು. ಕೆಲಸ ಬಲ್ಲವನು, ಅದರಲ್ಲಿ ಸಂಶಯವಿಲ್ಲ.

ನನ್ನ ಹೆಸರು ಗೂಳಪ್ಪ. ಇಲ್ಲಿ ಬರೆದಿಡುತ್ತೇನೆ, ಏಕೆಂದರೆ ಬಯಲಿನಲ್ಲಿ ಅದು ಯಾರಿಗೂ ಬೇಕಾಗಿಲ್ಲ. ಮಲಕಪ್ಪ ನನ್ನನ್ನು ಕರೆಯುವುದು "ಏ ತಗ್ಗು" ಎಂದು.

ಅಕ್ಟೋಬರ್ ೧೯

ಇವತ್ತು ಗರಗಸ ಎಡಕ್ಕೆ ಸರಿಯುತ್ತಿರುವುದು ಕೈಗೆ ತಿಳಿಯಿತು. ಬಹಳ ಹೊತ್ತು ಹೇಳಲೋ ಬೇಡವೋ ಎಂದು ನೋಡಿ, ಕೊನೆಗೆ ಹೇಳಿದೆ. "ಮೇಸ್ತ್ರಿ, ಎಡಕ್ಕ ಹೊಂಟಂಗ ಐತಿ ರೀ."

ಗರಗಸ ನಿಂತಿತು. ಮಲಕಪ್ಪ ಇಡೀ ಬಯಲಿಗೆ ಕೇಳುವಂತೆ, "ಕೇಳಿದ್ರೇನ್ರಪಾ, ತಗ್ಗಿಗೆ ಬಾಯಿ ಬಂದೈತಿ. ನಾಳೆ ಕಣ್ಣ ಬರತಾವ, ನಾಡದ ಮೀಸಿ ಬರತಾವ" ಎಂದ. ಎಲ್ಲರೂ ನಕ್ಕರು. ಆಮೇಲೆ ನನಗೊಬ್ಬನಿಗೇ ಕೇಳುವಂತೆ ಬಗ್ಗಿ, "ನಿನ್ನ ಎಳಿಯಾಕ ಇಟ್ಟೇನಿ. ತಗ್ಗಿನೊಳಗ ನಿಂತು ಬಾಯಿ ತಗೀಬ್ಯಾಡ" ಎಂದ.

ಸರಿ. ತೆಗೆಯುವುದಿಲ್ಲ.

ಅಕ್ಟೋಬರ್ ೨೭

ಒಂದು ಉಪಾಯ ಗೊತ್ತಾಯಿತು. ಗರಗಸ ಮೇಲೆ ಹೋಗುವಾಗ ಕೈ ಹಗುರ ಬಿಡದೆ ಹಿಡಿಗೆ ಸ್ವಲ್ಪ ಜೋತುಬಿದ್ದರೆ, ಮೇಲಿನವನು ನನ್ನ ಭಾರವನ್ನೂ ಎತ್ತಬೇಕಾಗುತ್ತದೆ. ಕೆಳಗೆ ಬರುವಾಗ ಎಳೆದಂತೆ ಮಾಡಿದರೆ ಅವನೇ ಒತ್ತಬೇಕಾಗುತ್ತದೆ. ಬಹಳ ಜೋತುಬಿದ್ದರೆ ಸಿಕ್ಕಿಬೀಳುತ್ತೇನೆ. ಸಿಕ್ಕಿಬೀಳದಷ್ಟು ಎಂದರೆ ಎಷ್ಟು ಎಂಬುದನ್ನು ಮಧ್ಯಾಹ್ನದೊಳಗೆ ಕಲಿತೆ.

ಸಂಜೆ ಮಲಕಪ್ಪ ತೋಳು ನೀವಿಕೊಳ್ಳುತ್ತ ಕುಳಿತಿದ್ದ. ಈ ಹಂಗಾಮಿನ ಸಾಗವಾನಿ ಗಟ್ಟಿ ಎಂದು ಪಕ್ಕದ ತಗ್ಗಿನವರಿಗೆ ಹೇಳುತ್ತಿದ್ದ. ನಾನು ಊಟ ಚೆನ್ನಾಗಿ ಮಾಡಿದೆ.

ನವೆಂಬರ್ ೪

ಬಯಲಿನ ಕೆಲಸ ನೋಡಿಕೊಳ್ಳುವ ಮುಕಾದಮ ಲಗಮಪ್ಪ, ನೇರ ಇವೆಯೇ ಎಂದು ನಮ್ಮ ಹಲಗೆಗಳಿಗೆ ದಾರ ಹಿಡಿದು ನೋಡಿದ. ಕೆಳಗಿನವನು ಎಳೆಯದೆ ಮೇಲಿನಿಂದಲೇ ಒತ್ತಿ ಕೊಯ್ದರೆ ಗರಗಸ ಬಾಗುತ್ತದೆ. ಹಲಗೆಯ ನಡುವೆ ಹೊಟ್ಟೆ ಬಂದಿತ್ತು. ಒಂದೊಂದನ್ನೇ ಪಕ್ಕಕ್ಕೆ ಎಸೆದ.

"ಇದೇನು ಬಾಗಲದ ಹಲಗಿಯೋ, ತೊಟ್ಟಿಲೋ?" ಎಂದ.

"ಮೊದಲಿನ ಆಳಿನ ಜೋಡಿ ಇಂಥಾ ಹಲಗಿ ಬಂದಿದ್ವೇನು? ಕೆಳಗಿನವಂಗ ಕೇಳ್ರಿ" ಎಂದ ಮಲಕಪ್ಪ.

ಲಗಮಪ್ಪ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. "ಇನ್ನೊಮ್ಮೆ ಹಿಂಗಾತಂದ್ರ ಮೇಸ್ತ್ರಿ ಇರತಾನ, ನೀ ಹೋಗತಿ. ಮರ ಕೊಯ್ಯವರು ಸಿಗತಾರ ನನಗ" ಎಂದು ಹೇಳಿ ಹೋದ.

ಇಲ್ಲಿಂದ ಹೋಗುವುದೆಂದರೆ ತೇರಗಾಂವದ ಸಾಹುಕಾರರ ದನದ ಕೊಟ್ಟಿಗೆಗೆ. ಅಲ್ಲಿಯೇ ದುಡಿಯುತ್ತಿದ್ದೆ, ಅಲ್ಲಿಯೇ ಮಲಗುತ್ತಿದ್ದೆ. ಬಿಟ್ಟು ಬರುವಾಗ, ತಿರುಗಿ ಬರುವುದಿಲ್ಲ ಎಂದು ಜೀವನದಲ್ಲಿ ಒಮ್ಮೆ ಮಾತ್ರ ಗಟ್ಟಿಯಾಗಿ ಹೇಳಿದ್ದೆ. ಸಾಹುಕಾರರು, "ಚಳಿಗಾಲ ಬರ್ಲಿ, ತಾನ ಬರ್ತಾನ" ಎಂದು ನಕ್ಕಿದ್ದರು.

ಚಳಿ ಸುರುವಾಗಿದೆ.

ನವೆಂಬರ್ ೧೭

ಇವತ್ತಿನದು ಬೇಗ ಬರೆದು ಮುಗಿಸುತ್ತೇನೆ.

ಮತ್ತಿ ಮರದ ದಿಮ್ಮಿ ಏರಿಸಿದ್ದರು. ಮಧ್ಯಾಹ್ನದ ಮೇಲೆ ಮುಂದಿನ ಬೆಣೆ ಸಡಿಲಾಯಿತು. ಗರಗಸ ಇಳಿದಾಗಲೆಲ್ಲ ಅದು ಉಗುರಿನಷ್ಟು ಹೊರಗೆ ಬರುತ್ತಿತ್ತು. ಮೇಲೆ ನಿಂತವನಿಗೆ ಅದು ಕಾಣುವುದಿಲ್ಲ, ದಿಮ್ಮಿಯ ಹೊಟ್ಟೆ ಅಡ್ಡವಾಗುತ್ತದೆ. ತಗ್ಗಿನಿಂದ ಚೆನ್ನಾಗಿ ಕಾಣುತ್ತದೆ. ನಾನು ಅದನ್ನು ನೋಡುತ್ತ ಎಳೆದೆ. ಬಾಯಿ ತೆಗೆಯಬೇಡ ಎಂದಿದ್ದ.

ಬೆಣೆ ನನ್ನ ಕಾಲ ಹತ್ತಿರ ಬಿತ್ತು. ದಿಮ್ಮಿ ಅರ್ಧ ಹೊರಳಿ ನಿಂತಿತು. ಮಲಕಪ್ಪ ಜಾರಿದ, ಅವನ ಕಾಲು ದಿಮ್ಮಿಗೂ ತೊಲೆಗೂ ನಡುವೆ ಸಿಕ್ಕಿತು. ನಾಲ್ಕು ಜನ ಹಾರೆ ಕೊಟ್ಟು ದಿಮ್ಮಿ ಎತ್ತಿ ಬಿಡಿಸಿದರು. ಪಾದದ ಹರಡಿನ ಹತ್ತಿರ ಎಲುಬು ಮುರಿದಿದೆ. ಅವನು ಕೂಗಲಿಲ್ಲ. ಬಿದಿರಿನ ತಟ್ಟಿಯ ಮೇಲೆ ಹೊತ್ತುಕೊಂಡು ಹೋಗುವಾಗ ಗರಗಸ ಎಲ್ಲಿ, ಬಾಗಿಲ್ಲವಷ್ಟೇ ಎಂದು ಕೇಳಿದ.

ಲಗಮಪ್ಪ, "ಕೆಳಗಿಂದ ನಿನಗೇನೂ ಕಾಣಲಿಲ್ಲೇನು?" ಎಂದ.

"ಕಣ್ಣಾಗ ಹೊಟ್ಟು ಬಿದ್ದಿತ್ತು ರೀ" ಎಂದೆ.

ಅದೇನೂ ಸುಳ್ಳಲ್ಲ. ಯಾವಾಗಲೂ ಬಿದ್ದೇ ಇರುತ್ತದೆ.

ನವೆಂಬರ್ ೧೮

ಕೆಲಸವಿರಲಿಲ್ಲ. ನೀಲಕ್ಕ ರೊಟ್ಟಿ ಬಡಿಯುತ್ತ ಏನೋ ಕೇಳಿದಳು. ಕೇಳಿಸಲಿಲ್ಲ ಎಂದೆ.

ನವೆಂಬರ್ ೨೧

ಹೊಸ ಮೇಸ್ತ್ರಿ ಬಂದ. ಹೆಸರು ಥಾವರೆಪ್ಪ. ಮುಂಡಗೋಡ ಕಡೆ, ಅತ್ತಿವೇರಿ ಹತ್ತಿರದ ಲಂಬಾಣಿ ತಾಂಡೆಯವನು. ತೆಳ್ಳಗೆ ಉದ್ದಗೆ ಇದ್ದಾನೆ. ಕೊಯ್ಯುವುದಕ್ಕೆ ಮೊದಲು ಬೆಣೆಗಳನ್ನು ತಾನೇ ಇಳಿದು ನೋಡಿದ. ನಾನು ಬೇರೆ ಕಡೆ ನೋಡಿದೆ.

ದಿಮ್ಮಿ ಏರಿ, ಹಿಮ್ಮಡಿಯಿಂದ ಎರಡು ಸಲ ತಟ್ಟಿ, "ಗೂಳಪ್ಪ, ಆತೇನು?" ಎಂದ. ನಾನು ಹಿಡಿ ಹಿಡಿದು ಕಾಯುತ್ತ ನಿಂತೆ. ಗರಗಸ ಅಲುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನ ಮುಖ ದಿಮ್ಮಿಯ ಪಕ್ಕದಿಂದ ತಲೆಕೆಳಗಾಗಿ ಕಾಣಿಸಿತು.

"ಗೂಳಪ್ಪ ಅಂದ್ರ ನೀನ ಹೌದಲ್ಲೊ? ಇಲ್ಲಾ ಮತ್ಯಾರಾರ ಅದಾರೇನು ಅಲ್ಲಿ?"

"ನಾನ ರೀ."

"ಹಂಗಾರ ಹೂಂ ಅನ್ನು. ನೀ ಹೂಂ ಅನ್ನೂತನಕ ನನ್ನ ಗರಗಸ ಇಳಿಯಂಗಿಲ್ಲ."

ಹೂಂ ಎಂದೆ.

ಇದೂ ಒಂದು ತರಹದ ಚೇಷ್ಟೆ ಇರಬೇಕು. ನಾಲ್ಕು ದಿನ ನೋಡೋಣ.

ನವೆಂಬರ್ ೨೬

ಅದೇ. ಪ್ರತಿ ಸಲ ತಟ್ಟುವುದು, ಆತೇನು ಎನ್ನುವುದು, ನಾನು ಹೂಂ ಎನ್ನುವವರೆಗೆ ಕಾಯುವುದು. ಇವತ್ತು ಕಣ್ಣಿನಲ್ಲಿ ಹೊಟ್ಟು ಹೊಕ್ಕಿತ್ತು. ಹೂಂ ಎನ್ನದೆ, "ತಡಿ ಅಣ್ಣಾ" ಎಂದೆ. ತಡೆದ. ಯಾಕೆ ಎಂದು ಕೇಳಲಿಲ್ಲ.

ಜೋತುಬೀಳುವುದು ಮರೆತೇಹೋಗಿತ್ತು. ಸಂಜೆ ನೆನಪಾಯಿತು.

ಡಿಸೆಂಬರ್ ೩

ಥಾವರೆಪ್ಪಣ್ಣ ದಿಮ್ಮಿ ಅರ್ಧ ಆದ ಮೇಲೆ ಕೆಳಗೆ ಇಳಿದುಬಂದ. "ಮ್ಯಾಲ ಹೋಗು" ಎಂದ. ನಾನು ಒಲ್ಲೆ ಎಂದೆ. "ನಾ ಏನ್ ಸುಮ್ಮನ ಕಳಸವಲ್ಲೆ. ನನ್ನ ಸೊಂಟಕ್ಕ ಬಗ್ಗಿ ಸಾಕಾಗೇತಿ" ಎಂದು ತಳ್ಳಿದ.

ಪಕ್ಕದ ತಗ್ಗಿನವರು ಸುಮ್ಮನಿರುತ್ತಾರೆಯೇ. "ಏ ಥಾವರೆಪ್ಪ, ಮೇಸ್ತ್ರಿಕಿ ತಗ್ಗಿನೊಳಗ ಬಿತ್ತೇನು?" ಎಂದರು.

"ಹೌದಪಾ, ಹುಡುಕಾಕ ಇಳದೇನಿ. ಸಿಕ್ಕರ ನಿನಗೂ ಅರ್ಧ ಕೊಡ್ತೇನಿ" ಎಂದ ತಗ್ಗಿನೊಳಗಿಂದಲೇ.

ಮೊದಲ ಸಲ ಮೇಲೆ ನಿಂತೆ. ಮೇಲೆ ಬಿಸಿಲು ಬಹಳ. ಗೆರೆ ನೋಡಿ ನೋಡಿ ಕುತ್ತಿಗೆ ನೋಯುತ್ತದೆ. ಇಷ್ಟೆಲ್ಲ ನನಗೆ ಗೊತ್ತಿರಲಿಲ್ಲ. ಒಮ್ಮೆ ಬಗ್ಗಿ ಮುಂದಿನ ಬೆಣೆ ಕಾಣುತ್ತದೆಯೇ ಎಂದು ನೋಡಿದೆ. ಕಾಣುವುದಿಲ್ಲ. ಎಷ್ಟು ಬಗ್ಗಿದರೂ ಕಾಣುವುದಿಲ್ಲ.

ಡಿಸೆಂಬರ್ ೧೪

ಬರೆಯಲು ಹೊತ್ತು ಸಿಗುತ್ತಿಲ್ಲ. ಕೆಲಸ ಬಿಟ್ಟ ಮೇಲೆ ಅರದಿಂದ ಗರಗಸದ ಹಲ್ಲು ಮಸೆಯುವುದನ್ನು ಕಲಿಯುತ್ತಿದ್ದೇನೆ. ಯಾರೂ ಹೇಳಿರಲಿಲ್ಲ, ನಾನೇ ಕೇಳಿದೆ. ಇವತ್ತು ಲಗಮಪ್ಪ ದಾರ ಹಿಡಿದು ನೋಡಿ ಏನೂ ಹೇಳದೆ ಮುಂದಿನ ತಗ್ಗಿಗೆ ಹೋದ. ಅವನು ಏನೂ ಹೇಳದಿರುವುದೇ ಹೊಗಳಿಕೆ ಎಂದು ಥಾವರೆಪ್ಪಣ್ಣ ಹೇಳಿದ.

ಒಬ್ಬರು ಮರದ ಡಿಪೋಕ್ಕೆ ಬಾ ಎಂದು ಕರೆದರು, ದಿಮ್ಮಿಗೆ ಗುರುತು ಹಾಕುವ ಕೆಲಸ. ಅಲ್ಲಿ ನೆರಳಿದೆಯಂತೆ. ಹೋಗಲಿಲ್ಲ.

ನೀಲಕ್ಕ, "ಒಬ್ಬನ ಕುಂತು ನಗಾಕತ್ತೀ, ಏನೈತಿ?" ಎಂದಳು. ನಾನು ನಗುತ್ತಿರಲಿಲ್ಲ. ಥಾವರೆಪ್ಪಣ್ಣ ಹೇಳಿದ್ದೊಂದು ಮಾತು ನೆನಪಾಗಿತ್ತು, ಅಷ್ಟೇ.

ಜನವರಿ ೧೬, ೧೯೫೯

ಸಂಕ್ರಮಣ ಮುಗಿಯುತ್ತಿದ್ದಂತೆ ಥಾವರೆಪ್ಪಣ್ಣನನ್ನು ಹಳಿಯಾಳಕ್ಕೆ ಕಳಿಸಿದರು. ಅಲ್ಲಿ ಹೊಸ ತಗ್ಗು ತೋಡಿದ್ದಾರೆ, ಕಲಿಸುವವರು ಬೇಕು. ಎತ್ತಿನ ಗಾಡಿ ಏರಿ ಹೋದ. ತನ್ನ ಅರ ನನಗೆ ಕೊಟ್ಟ. "ಒಂದ ಕಡೆ ಮಸಿ. ಹಿಂದ ಮುಂದ ತಿಕ್ಕಿ ಹಲ್ಲ ಕೆಡಸಬ್ಯಾಡ" ಎಂದ.

ಲಗಮಪ್ಪ ನನ್ನನ್ನು ಕರೆದು, "ನಾಳಿಂದ ನೀ ಮ್ಯಾಲ" ಎಂದ. "ಹೋಳಿ ಹುಣ್ಣಿವಿ ಒಳಗ ಬಾಗಲದ ಚೌಕಟ್ಟು ಎಲ್ಲಾ ಹೋಗಬೇಕು. ಗೆರಿ ತಪ್ಪಿತಂದ್ರ ಈಗ ಕೆಳಗಿನವನ್ನ ಕೇಳಂಗಿಲ್ಲ, ನಿನ್ನ ಕೇಳತೀನಿ."

"ಕೆಳಗ ಯಾರ ರೀ?"

"ಮಲಕಪ್ಪ ಬಂದಾನ. ಅವನ ಕಾಲು ದಿಮ್ಮಿ ಮ್ಯಾಲ ನಿಲ್ಲಂಗಿಲ್ಲ. ತಗ್ಗಿನೊಳಗ ನಿಲ್ತೈತಿ."

ಜನವರಿ ೧೭

ಮಲಕಪ್ಪ ಕುಂಟುತ್ತ ಬಂದು, ನನ್ನ ಮುಖ ನೋಡದೆ ತಗ್ಗಿಗೆ ಇಳಿದ. ಇಳಿಯುವುದಕ್ಕೆ ಗೋಡೆ ಹಿಡಿಯಬೇಕಾಯಿತು. ನಾನು ದಿಮ್ಮಿ ಏರಿದೆ. ತಟ್ಟಲಿಲ್ಲ. ಕೊಯ್ಯಲು ಸುರುಮಾಡಿದೆ. ಮೂವತ್ತು ವರ್ಷ ಗರಗಸ ಹಿಡಿದವನಿಗೆ ಆತೇನು ಎಂದು ಕೇಳುವುದೇನಿದೆ.

ಬಯಲಿನವರು ಕೆಲಸ ಬಿಟ್ಟು ನೋಡುತ್ತಿದ್ದರು. ಹೊಟ್ಟು ಅವನ ತಲೆಯ ಮೇಲೆ ಬೀಳುತ್ತಿತ್ತು. ಮೇಲಿನಿಂದ ಅದು ಹಿಟ್ಟಿನ ಹಾಗೆ ಕಾಣುತ್ತದೆ.

ಜನವರಿ ೨೩

ನಿಧಾನ ಎಳೆಯುತ್ತಾನೆ. ಮಧ್ಯಾಹ್ನ ತಾಳ್ಮೆ ಹೋಗಿ, "ಏ ತಗ್ಗು, ಎಳಿ" ಎಂದೆ.

ಬಾಯಿಂದ ಹೋದ ಮೇಲೆ ತಿಳಿಯಿತು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಲಕಪ್ಪ ನಗಲಿಲ್ಲ. ಎಳೆದ.

ಕೆಲಸ ಕೆಲಸವೇ. ಇಲ್ಲಿ ಯಾರನ್ನೂ ಮಾತಾಡಿಸಲು ಇಟ್ಟುಕೊಂಡಿಲ್ಲ.

ಜನವರಿ ೨೯

ತೋಳು ಎತ್ತಲು ಆಗುತ್ತಿಲ್ಲ. ಈ ಹಂಗಾಮಿನ ಮರ ಗಟ್ಟಿ.

ರೊಟ್ಟಿ ತಡವಾಯಿತೆಂದು ನೀಲಕ್ಕನಿಗೆ ಏನೋ ಅಂದೆ. ಅವಳು ಕೈಯಲ್ಲಿದ್ದ ಹಿಟ್ಟು ಕೆಳಗಿಟ್ಟು, "ಮಲಕಪ್ಪನ್ನ ಮನಿಗೂ ಕರಕೊಂಡು ಬಂದಿ ಏನು?" ಎಂದಳು.

"ಅವ ಯಾಕ ಬರ್ತಾನ ಇಲ್ಲಿ" ಎಂದೆ.

"ಈಗ ಒದರಿದವ್ರು ಯಾರು ಮತ್ತ" ಎಂದಳು. ಹೆಂಗಸರಿಗೆ ಬಯಲಿನ ಕೆಲಸ ತಿಳಿಯುವುದಿಲ್ಲ.

ಫೆಬ್ರವರಿ ೪

ಮರ ಗಟ್ಟಿ ಎಂದು ಬರೆದದ್ದು ಸರಿಯಲ್ಲ. ಇವತ್ತು ಮೆತ್ತನೆಯ ದಿಮ್ಮಿ ಇತ್ತು. ಆದರೂ ಗರಗಸ ಮೇಲೆ ಎತ್ತುವಾಗ ಒಂದು ಭಾರ. ಹೆಚ್ಚಲ್ಲ. ಸಿಕ್ಕಿಬೀಳದಷ್ಟು.

ಈ ಭಾರ ನನಗೆ ಗೊತ್ತು.

ಗೊತ್ತಾದ ಮೇಲೂ ಸಂಜೆಯವರೆಗೆ ಅವನ ಭಾರ ಎತ್ತುತ್ತಲೇ ಕೊಯ್ದೆ. ಮಲಕಪ್ಪನಿಗೂ ನನಗೆ ಗೊತ್ತಾಗಿದೆ ಎಂದು ಗೊತ್ತಾಗಿರಬೇಕು.

ಫೆಬ್ರವರಿ ೬

ಲಗಮಪ್ಪ ಚೌಕಟ್ಟಿನ ಮರ ನೋಡಿದ. ದಾರ ಹಿಡಿಯುವುದೂ ಬೇಕಾಗಲಿಲ್ಲ. ಎಲ್ಲ ನಡುವೆ ಉಬ್ಬಿದೆ. ಕಾಲಿನಿಂದ ಒದ್ದು, "ಥಾವರೆಪ್ಪನ ಕೈಯಾಗ ಇದ್ದವ ನೀನ ಹೌದಿಲ್ಲೋ?" ಎಂದ.

"ಹೌದ್ರಿ."

"ಸೋಮವಾರ ದೊಡ್ಡ ಮತ್ತಿ ಏರಸ್ತೇನಿ. ಅದೊಂದ. ಅದು ಕೆಟ್ಟರ ನಿನ್ನ ಹಾದಿ ನೀ ಹಿಡಿ, ಅವನ ಹಾದಿ ಅವ ಹಿಡೀಲಿ. ಕುಂಟಗಾಲವಂಗ ನಾ ಎಲ್ಲಿ ಕೆಲಸ ಹುಡಕ್ಲಿ?"

ಮಲಕಪ್ಪ ತಗ್ಗಿನೊಳಗೆ ನಿಂತೇ ಕೇಳಿಸಿಕೊಂಡ. ನಾನು, ಕೆಳಗಿನವನನ್ನು ಕೇಳಿರಿ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಮಾತು ಮಲಕಪ್ಪನ ಬಾಯಿಂದ ಒಮ್ಮೆ ಕೇಳಿದ್ದೆನಲ್ಲ. ಹೇಳಲಿಲ್ಲ.

ಫೆಬ್ರವರಿ ೭

ಮಧ್ಯಾಹ್ನ ಎಲ್ಲರೂ ನೆರಳಿಗೆ ಹೋದರು. ಮಲಕಪ್ಪ ಕಾಲಿನ ಸಲುವಾಗಿ ಮೇಲೆ ಹತ್ತದೆ ತಗ್ಗಿನಲ್ಲೇ ಬುತ್ತಿ ಬಿಚ್ಚುತ್ತಾನೆ. ನಾನು ದಿಮ್ಮಿಯ ಮೇಲೆ ಕುಳಿತಿದ್ದೆ. ಕೆಳಗಿನಿಂದ ದನಿ ಬಂತು.

"ಅವತ್ತ ಮುಂದಿನ ಬೆಣಿ ಇಲ್ಲಿಂದ ಕಾಣತಿತ್ತು."

ಕೇಳಿದ್ದಲ್ಲ, ಹೇಳಿದ್ದು. ರೊಟ್ಟಿ ಕೈಯಲ್ಲೇ ಉಳಿಯಿತು.

"ಕಾಣತಿತ್ತು" ಎಂದೆ.

"ನಾ ಇಲ್ಲಿ ಇಳದ ದಿನಾನ ನೋಡಿದ್ನಿ. ಕಣ್ಣ ಮುಂದ ಇರತೈತಿ. ಹೊಟ್ಟು ಬಿದ್ದರೂ ಕಾಣತೈತಿ."

ನಾನು ರೊಟ್ಟಿಯನ್ನು ಮತ್ತೆ ಬುತ್ತಿಯ ಬಟ್ಟೆಯಲ್ಲಿ ಸುತ್ತಿದೆ.

"ಒಂದ ಮಾತ ಹೇಳಾಕ ಏನಾಗಿತ್ತು ನಿನಗ?"

"ಬಾಯಿ ತಗೀಬ್ಯಾಡ ಅಂದಿದ್ರಿ."

ಅವನು ನೀರು ಕುಡಿದ ಸದ್ದು ಬಂತು. ಆಮೇಲೆ, "ಅಂದಿದ್ನಿ" ಎಂದ.

ಅಷ್ಟೇ. ಮತ್ತೆ ಗರಗಸ ಹಿಡಿದೆವು. ಭಾರ ಹಾಗೆಯೇ ಇತ್ತು.

ಫೆಬ್ರವರಿ ೮

ಭಾನುವಾರದ ಸುಟ್ಟಿ. ಅರ ತೆಗೆದು ಗರಗಸ ಮಸೆದೆ, ಒಂದೇ ಕಡೆ. ನೀಲಕ್ಕ ಹಳೆಯ ಸೀರೆ ಹರಿದು ಮುಖಕ್ಕೆ ಕಟ್ಟಿಕೊಳ್ಳುವ ಬಟ್ಟೆ ಮಾಡಿಕೊಟ್ಟಳು. ಮೇಲಿನವನಿಗೆ ಇದು ಬೇಡ, ಹೊಟ್ಟು ಕೆಳಗೆ ಬೀಳುತ್ತದೆ ಎಂದೆ. "ಗೊತ್ತೈತಿ ನನಗ" ಎಂದಳು.

ನಾಳೆ ದೊಡ್ಡ ಮತ್ತಿ. ಅಂಥದೇ ದಿಮ್ಮಿ. ಬೆಣೆ ಬಡಿಯುವವರು ಬೇರೆ ಆಳುಗಳು. ಮೇಲೆ ನಿಂತರೆ ಬೆಣೆ ಕಾಣುವುದಿಲ್ಲ ಎಂದು ಮತ್ತೆ ಮತ್ತೆ ಅನ್ನಿಸುತ್ತಿದೆ. ನಾನೇ ಇಳಿದು ನೋಡಬಹುದು. ಆದರೆ ಸಡಿಲಾಗುವುದು ಕೊಯ್ಯಲು ಸುರುವಾದ ಮೇಲೆ. ಆಗ ಕೆಳಗೆ ಇರುವವನು ಅವನೊಬ್ಬನೇ.

ಫೆಬ್ರವರಿ ೯

ಊಟದ ಬಿಡುವಿನಲ್ಲಿ, ತಗ್ಗಿನ ದಂಡೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ದಿಮ್ಮಿ ಇನ್ನೂ ಅರ್ಧ ಇದೆ. ಲಗಮಪ್ಪ ಸಂಜೆ ದಾರ ತರುತ್ತಾನೆ.

ಬೆಳಿಗ್ಗೆ ಬಟ್ಟೆಯನ್ನು ಮಲಕಪ್ಪನ ಕಡೆ ಎಸೆದೆ. ಅವನು ಹಿಂದೆ ಮುಂದೆ ತಿರುಗಿಸಿ ನೋಡಿ ಕಟ್ಟಿಕೊಂಡ. ಗೆರೆ ಹೊಡೆದು ದಿಮ್ಮಿ ಏರಿದೆ. ಹಿಮ್ಮಡಿಯಿಂದ ಎರಡು ಸಲ ತಟ್ಟಿದೆ. "ಮಲಕಪ್ಪ ಕಾಕಾ, ಆತೇನ್ರಿ?" ಎಂದೆ.

ಉತ್ತರ ಬರಲಿಲ್ಲ. ಪಕ್ಕದ ತಗ್ಗಿನವರು ಗರಗಸ ನಿಲ್ಲಿಸಿ ನೋಡಿದರು. ಒಬ್ಬ ಏನೋ ಅಂದ, ಇಬ್ಬರು ನಕ್ಕರು. ಆದರೂ ಗರಗಸ ಇಳಿಸದೆ ನಿಂತೆ. ಮತ್ತೊಮ್ಮೆ ತಟ್ಟಿದೆ.

ಕೆಳಗಿನಿಂದ ಕೆಮ್ಮಿದ ಸದ್ದು. ಆಮೇಲೆ, "ಹೂಂ."

ಕೊಯ್ಯಲು ಸುರುಮಾಡಿದೆವು. ಗರಗಸ ಮೇಲೆ ಬರುವಾಗ ಹಗುರವಾಗಿತ್ತು. ಎಷ್ಟು ಹಗುರವೆಂದರೆ ಮೊದಲ ಸಲ ನಾನೇ ಹಿಂದಕ್ಕೆ ವಾಲಿದೆ. ಬಿಸಿಲು ದಿಮ್ಮಿಯ ಮೇಲೆ ಬರುವ ಹೊತ್ತಿಗೆ ಗೆರೆಯ ಕಾಲುಭಾಗ ಮುಗಿದಿತ್ತು. ಆಗ ಒಮ್ಮೆಲೇ ಕೆಳಗಿನ ಹಿಡಿ ಬಿಗಿಯಾಗಿ ನಿಂತಿತು.

"ನಿಂದ್ರು" ಎಂದ ಮಲಕಪ್ಪ ಕಾಕಾ. ಬಟ್ಟೆಯೊಳಗಿಂದ ದನಿ ಸಣ್ಣಗೆ ಕೇಳಿಸಿತು. "ಗೂಳಪ್ಪ, ಅಲಗ್ಯಾಡಬ್ಯಾಡ. ಮುಂದಿನ ಬೆಣಿ ಸಡ್ಲ ಆಗೇತಿ."

ದಿಮ್ಮಿ ಹೊರಳದಂತೆ ಅವನು ಅದಕ್ಕೆ ಕೈ ಆನಿಸಿ ನಿಂತ. ನಾನು ಹಿಂದಿನ ತುದಿಯಿಂದ ಮೆಲ್ಲಗೆ ಇಳಿದು, ತಗ್ಗಿನೊಳಗೆ ಹೋಗಿ, ಅವನು ಬೆರಳು ಮಾಡಿದ ಕಡೆ ಮರದ ಕೊಡತಿಯಿಂದ ಬೆಣೆ ಬಡಿದೆ.